ಅಯ್ಯಪ್ಪನ ಕಾಡಿನ ಮಣ್ಣಿನ ನಾಯಿಗಳು

ಕೊಡಗಿನ ನಿಸರ್ಗವನ್ನು ನೋಡಬೇಕೆಂದು ಬಂದವರನ್ನು ಎಲ್ಲರೂ ಮೊದಲು ಕರೆದೊಯ್ಯುವುದು ಯಾವುದಾದರೊಂದು ಎತ್ತರದ ಜಾಗಕ್ಕೆ. ಮಡಿಕೇರಿಯ ರಾಜಾಸೀಟಿನಿಂದ ಕಾಣುವ ಕಣಿವೆ ಚೆಲುವಾದದ್ದೇ. ಆದರೆ ಬೇಲಿಗೆ ಒರಗಿ ದೂರದ ಬೆಟ್ಟಗಳನ್ನು ನೋಡಿ, ಫೋಟೊ ತೆಗೆದುಕೊಂಡು ಹೊರಟುಬಿಡುವ ಆ ಕ್ರಮ ನನಗೆ ಎಂದೂ ಹಿಡಿಸಿದ್ದಿಲ್ಲ. ಮಾಂದಲಪಟ್ಟಿಯಲ್ಲಂತೂ ಅಷ್ಟೂ ದಕ್ಕಲಿಲ್ಲ. ಹತ್ತು ಗಂಟೆಗೆ ಮಂಜು ಸರಿಯುತ್ತದೆಂದು ನಂಬಿಸಿ ಜೀಪು ಹತ್ತಿಸಿಕೊಂಡಾತ, ಮುಂದೆ ನಡೆಯುವವರ ಬೆನ್ನೂ ಕಾಣದ ಬಿಳುಪಿನಲ್ಲಿ ನಮ್ಮನ್ನು ಇಳಿಸಿ, ಅರ್ಧ ಗಂಟೆ ಕಳೆಯುವ ಮೊದಲೇ ಹಾರನ್ ಹೊಡೆಯತೊಡಗಿದ. ಮಳೆಗಾಲದಲ್ಲಿ ಹೋಗುವವರು ಮೇಲೆ ಎಷ್ಟು ಹೊತ್ತು ನಿಲ್ಲಿಸುತ್ತಾರೆಂಬುದನ್ನು ಬಾಡಿಗೆ ಕುದುರಿಸುವಾಗಲೇ ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು.

ಈ ಬರಹಕ್ಕೆ ಕಾರಣವಾದದ್ದು ವಿರಾಜಪೇಟೆ ಕಡೆಯ ಒಂದು ಊರಿನ ದೇವರಕಾಡು. ಊರಿನ ಹೆಸರನ್ನು ಬರೆಯಬಾರದೆಂದು ಅಲ್ಲಿನ ತಕ್ಕಮುಖ್ಯಸ್ಥರು, ಅಂದರೆ ದೇವರ ಕಾರ್ಯಗಳ ಹೊಣೆ ಹೊತ್ತ ಊರಿನ ಹಿರಿಯರು, ಕೇಳಿಕೊಂಡಿದ್ದಾರೆ. ಬರೆದರೆ ವಾಹನಗಳು ಸಾಲುಗಟ್ಟುತ್ತವೆ ಎಂಬ ಅವರ ಆತಂಕ ಸಹಜವಾದದ್ದು. ಕಾಫಿ ತೋಟದ ಅಂಚಿನಲ್ಲಿ ಚಪ್ಪಲಿ ಕಳಚಿಟ್ಟು ಒಳಗೆ ಕಾಲಿಟ್ಟರೆ ಬೆಳಕು ಒಮ್ಮೆಲೇ ಇಳಿದುಹೋಗುತ್ತದೆ. ಜಿಗಣೆಗಳ ಕಾಟವನ್ನು ಸಹಿಸಿಕೊಳ್ಳದೆ ಬೇರೆ ದಾರಿಯಿಲ್ಲ. ದೊಡ್ಡದೊಂದು ಮರದ ಬುಡದಲ್ಲಿ, ಸೂರೂ ಗೋಡೆಯೂ ಇಲ್ಲದ ನೆಲದ ಮೇಲೆ, ಅಯ್ಯಪ್ಪನಿಗೆ ಹರಕೆಯಾಗಿ ಒಪ್ಪಿಸಿದ ಮಣ್ಣಿನ ನಾಯಿಗಳು ನಿಂತಿದ್ದವು. ಕೊಡಗಿನ ಕಾಡುಗಳ ಅಯ್ಯಪ್ಪ ಬೇಟೆಯ ದೇವರು. ಆತನಿಗೆ ನಾಯಿಗಳು ಬೇಕು.

ಮುಂದಿನ ಸಾಲಿನ ನಾಯಿಗಳ ಕೆಂಪು ಇನ್ನೂ ಹಸಿಯಾಗಿತ್ತು. ಒಂದರ ಕತ್ತಿನ ಪಟ್ಟಿಯ ಮೇಲೆ ಕುಂಬಾರನ ಹೆಬ್ಬೆರಳು ಒತ್ತಿದ ಗುರುತುಗಳನ್ನು ಎಣಿಸಬಹುದಾಗಿತ್ತು. ಹಿಂದೆ ಹೋದಂತೆಲ್ಲ ಬಣ್ಣ ಕಪ್ಪಾಗಿ, ಪಾಚಿ ಏರಿ, ಕಿವಿಗಳು ಮುರಿದು, ಬೆನ್ನು ಬಿರಿದ ಕಡೆ ಜರೀಗಿಡ ಎದ್ದಿತ್ತು. ಇನ್ನೂ ಹಿಂದೆ, ನಾಯಿಯ ಮೂತಿ ಯಾವುದು, ಬೇರಿನ ಗಂಟು ಯಾವುದು ಎಂದು ಹೇಳಲಾಗುತ್ತಿರಲಿಲ್ಲ.

“ಹಳೆಯದನ್ನು ತೆಗೆದು ಜಾಗ ಮಾಡುವುದಿಲ್ಲವೇ?” ಎಂದು ತಕ್ಕರನ್ನು ಕೇಳಿದೆ.

“ಯಾಕೆ ತೆಗೆಯಬೇಕು? ಕೊಟ್ಟಾಯಿತಲ್ಲ.”

“ಮಳೆಗೆ ಹಾಳಾಗುತ್ತವೆ.”

“ಪೇಟೆಯಿಂದ ಬಂದವರೊಬ್ಬರು ಗಾಜಿನ ಪೆಟ್ಟಿಗೆ ಮಾಡಿಸಿಕೊಡುತ್ತೇನೆಂದರು. ಪೆಟ್ಟಿಗೆಯೊಳಗೆ ಕೂತ ನಾಯಿ ಬೇಟೆಗೆ ಹೋಗುವುದು ಹೇಗೆ, ನೀವೇ ಹೇಳಿ.”

ನೆಲವನ್ನೇ ಕಲೆಯ ಮಾಧ್ಯಮ ಮಾಡಿಕೊಂಡ ಪಶ್ಚಿಮದ ಕಲಾವಿದರು ಅಲ್ಲಿ ನೆನಪಾಗದಿರಲು ಸಾಧ್ಯವಿರಲಿಲ್ಲ. ರಾಬರ್ಟ್ ಸ್ಮಿತ್‌ಸನ್ 1970ರಲ್ಲಿ ಅಮೆರಿಕದ ಯೂಟಾದ ಉಪ್ಪುನೀರಿನ ಸರೋವರದೊಳಕ್ಕೆ, ಲಾರಿಗಟ್ಟಲೆ ಕಲ್ಲುಮಣ್ಣು ಸುರಿಸಿ, ಸುಮಾರು 1,500 ಅಡಿ ಉದ್ದದ ಸುರುಳಿಯೊಂದನ್ನು ಕಟ್ಟಿಸಿದರು. ನೀರು ಏರಿದಾಗ ಅದು ಮುಳುಗಿ, ಇಳಿದಾಗ ಮತ್ತೆ ಕಾಣಿಸಿಕೊಂಡಿತು. ಅದಕ್ಕೂ ಮೊದಲು, 1967ರಲ್ಲಿ, ಇಂಗ್ಲೆಂಡಿನ ರಿಚರ್ಡ್ ಲಾಂಗ್ ಹುಲ್ಲಿನ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆದು ಮೂಡಿಸಿದ ಗೆರೆಯೇ ಅವರ ಕೃತಿಯಾಯಿತು. ನನ್ನ ಒಲವು ಲಾಂಗ್ ಅವರ ಕಡೆಗೆ, ಏಕೆಂದರೆ ಅಲ್ಲಿ ಯಂತ್ರದ ಸದ್ದಿಲ್ಲ. ಆದರೆ ಆ ಗೆರೆಯೂ ಉಳಿದದ್ದು ಫೋಟೊದಲ್ಲಿ, ಕಲಾವಿದನ ಹೆಸರಿನ ಜೊತೆಗೆ. ಇಲ್ಲಿಯ ನಾಯಿಗಳ ಮೇಲೆ ಹೆಸರೇ ಇಲ್ಲ; ಅವು ಕರಗುವುದು ಯಾರಿಗೂ ನಷ್ಟವೆನಿಸುವುದೂ ಇಲ್ಲ.

ನಾಯಿಗಳಿಗಿಂತ ದೊಡ್ಡ ರಚನೆಯೆಂದರೆ ಕಾಡೇ. ಒಣಗಿದ ಕಡ್ಡಿಯನ್ನೂ ಹೊರಗೆ ಒಯ್ಯಬಾರದೆಂಬ ಕಟ್ಟಳೆಯೊಂದರಿಂದಲೇ, ಸುತ್ತಲೂ ತೋಟ ಮತ್ತು ಗದ್ದೆಗಳಾದ ನಾಡಿನ ನಡುವೆ ಮನುಷ್ಯರು ಇದನ್ನು ಉಳಿಸಿಕೊಂಡು ಬಂದಿದ್ದಾರೆ. ಪೂರ್ತಿ ಉಳಿಸಿಕೊಂಡಿಲ್ಲ ಎಂಬುದನ್ನೂ ಹೇಳಬೇಕು. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. 1905ರಲ್ಲಿ 15,506 ಎಕರೆಯಿದ್ದ ಅವುಗಳ ವಿಸ್ತೀರ್ಣ 1985ರ ಹೊತ್ತಿಗೆ 6,299 ಎಕರೆಗೆ ಇಳಿದಿತ್ತು. ಈ ಕಾಡಿನ ಪೂರ್ವದ ಅಂಚಿನಲ್ಲಿ, ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ಮರಗಳು ಕಾಳುಮೆಣಸಿನ ಬಳ್ಳಿ ಹೊತ್ತು, ಗೆರೆ ಎಳೆದಂತೆ ನೇರ ಸಾಲಿನಲ್ಲಿ ನಿಂತಿದ್ದವು. ಅದರ ಎರಡು ಸಾಲುಗಳು ದೇವರ ಜಾಗದಲ್ಲಿವೆಯೆಂದೂ ಸರ್ವೆ ಕಲ್ಲು ಸಿಗುತ್ತಿಲ್ಲವೆಂದೂ ತಕ್ಕರು ಹೇಳಿದರು. ತೋಟದವರನ್ನು ಕೇಳಲಿಲ್ಲವೇ ಎಂದಾಗ ಅವರು ಮುಂದಿನ ಸಾಲಿನ ಆ ಕೆಂಪು ನಾಯಿಯ ಕಡೆ ಕೈ ತೋರಿಸಿದರು: “ಕೇಳಿದ್ದೇವೆ. ಈ ವರ್ಷದ ಹರಕೆ ಅವರದೇ.”