ಗಾಳಿಮರದ ರೀತ್
ನಾಳೆ ಕ್ರಿಸ್‌ಮಸ್ ಅಂತ ಬಾಗಿಲಿಗೆ ರೀತ್, ಅಂದ್ರೆ ಹಸಿರೆಲೆಗಳ ದುಂಡು ಹಾರ, ಕಟ್ಟಿದ್ವಿ, ಅಂಗಡೀಲಿ ಪ್ಲಾಸ್ಟಿಕ್‌ದಕ್ಕೇ 600 ರೂಪಾಯಿ ಹೇಳಿದ್ರು, ಬೇಡ ಅನ್ಸಿ ಮನೇಲಿದ್ದ ತಂತಿ ಹ್ಯಾಂಗರನ್ನ ದುಂಡಗೆ ಬಗ್ಗಿಸಿ, ಮಲ್ಪೆ ಬೀಚ್ ಕಡೆ ಗಾಳಿಮರದ (ಸರ್ವೆ ಮರ) ಕೆಳಗೆ ಬಿದ್ದಿದ್ದ ಹಸಿ ರೆಂಬೆಗಳನ್ನ ಆರಿಸ್ಕೊಂಡು ಬಂದ್ವಿ. ಎಲ್ಲಾ ಒಂದೇ ದಿಕ್ಕಿಗಿಟ್ಟು ಕಟ್ಟಬೇಕು, ಆಗ ಮುಂದಿನ ರೆಂಬೆ ಹಿಂದಿನ ಗಂಟನ್ನ ಮುಚ್ಚುತ್ತೆ. ದಾರ ಸಾಲ್ದೆ ಇದ್ದಾಗ ಅಜ್ಜಿ ಮಲ್ಲಿಗೆ ಕಟ್ಟೋ ಬಾಳೆನಾರನ್ನೇ ನೆನೆಸಿ ಕೊಟ್ರು, ಆಮೇಲೆ ತಾವೇ ಕೂತು ಮಲ್ಲಿಗೆಯ ಅಟ್ಟೆ (ಹೂಮಾಲೆಯ ಕಟ್ಟು) ಕಟ್ಟೋ ಹಂಗೇ ಸರಸರ ಬಿಗಿದ್ರು. ಆ ಬೆರಳುಗಳನ್ನ ನೋಡ್ತಾ ನೋಡ್ತಾ ಯಾಕೋ ಗಂಟಲು ಕಟ್ಟಿತು, ಈ ಕೆಲಸ ನಾನಿನ್ನೂ ಕಲಿತೇ ಇಲ್ವಲ್ಲ ಅಂತ. ಮರದ ಪುಟಾಣಿ ಕಾಯಿಗಳನ್ನೇ ಅಂಟಿಸಿದ್ವಿ, ಕೆಂಪು ರಿಬ್ಬನ್‌ಗೆ ಮಾತ್ರ 20 ರೂಪಾಯಿ. ಬಾಲಯೇಸುವನ್ನ ನೋಡೋಕೆ ಬಂದ ಮೂರು ರಾಯರ ನೆನಪಿಗೆ ಮಾಡೋ ಜನವರಿ 6ರ ಮೂರು ರಾಯರ ಹಬ್ಬದವರೆಗೂ ಬಾಗಿಲಲ್ಲೇ ಇರ್ಲಿ ಅಂದಿದ್ದಾರೆ ಅಜ್ಜಿ.