ಅಮ್ಮನ ಹೆಬ್ಬೆಟ್ಟು, ಓಸ್ತ್ರಾವಾದ ಮಕ್ಕಳು

ಯಶವಂತಪುರದಲ್ಲಿ ಒಂದನೇ ಕ್ಲಾಸಿಗೆ ಸೇರಿದಾಗ ನನಗೆ ಕನ್ನಡ ಸರಿಯಾಗಿ ಬರುತ್ತಿರಲಿಲ್ಲ. ಮನೆಯಲ್ಲಿ ತೆಲುಗು. ಮೇಷ್ಟ್ರು ಬದನೆಕಾಯಿ ಚಿತ್ರ ತೋರಿಸಿ ಇದೇನು ಅಂದರು. 'ವಂಕಾಯ' ಅಂದೆ. ಇಡೀ ಕ್ಲಾಸು ನಕ್ಕಿತು. ಹುಡುಗ ದಡ್ಡ ಅಂತಾಯ್ತು. ಇನ್ನೊಂದು ವರ್ಷ ಅದೇ ಕ್ಲಾಸಲ್ಲಿ ಕೂರಿಸಲು ಒಪ್ಪಿಗೆ ಅಂತ ಅಮ್ಮನಿಂದ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು.

ಜೆಕ್ ದೇಶದ ಓಸ್ತ್ರಾವಾ ಊರಿನ 18 ರೋಮಾ (ಯುರೋಪಿನ ಒಂದು ಅಲ್ಪಸಂಖ್ಯಾತ ಜನಾಂಗ) ಮಕ್ಕಳ ಕೇಸು ಓದುವಾಗ ಆ ನೀಲಿ ಹೆಬ್ಬೆಟ್ಟೇ ಕಣ್ಣ ಮುಂದೆ ಬಂತು. 1996ರಿಂದ 1999ರ ನಡುವೆ ಅವರನ್ನು ಬುದ್ಧಿ ಬೆಳವಣಿಗೆ ಕಡಿಮೆ ಇರುವ ಮಕ್ಕಳ ವಿಶೇಷ ಶಾಲೆಗೆ ಹಾಕಿದ್ದರು. ಪರೀಕ್ಷೆ ಮಾಡಿದ್ದೇನೋ ನಿಜ. ಆದರೆ ಅದು ಬಹುಸಂಖ್ಯಾತ ಜೆಕ್ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಪರೀಕ್ಷೆ.

ಇದು ಭೇದಭಾವ ಅಂತ ಮಕ್ಕಳ ಕಡೆಯವರು ಕೋರ್ಟಿಗೆ ಹೋದರು. ತಮ್ಮ ದೇಶದಲ್ಲಿ ಸೋತು, ಸ್ಟ್ರಾಸ್‌ಬರ್ಗ್‌ನ ಯುರೋಪಿನ ಮಾನವ ಹಕ್ಕುಗಳ ಕೋರ್ಟಿನಲ್ಲೂ 2006ರಲ್ಲಿ ಸೋತರು. ಅವರು ಬಿಡಲಿಲ್ಲ. 2007ರ ನವೆಂಬರ್ 13ರಂದು ಅದೇ ಕೋರ್ಟಿನ 17 ಜಡ್ಜುಗಳ ದೊಡ್ಡ ಪೀಠದಲ್ಲಿ 13 ಜಡ್ಜುಗಳು ಮಕ್ಕಳ ಪರ ನಿಂತರು. ಬೇಕಂತಲೇ ಭೇದ ಮಾಡಿದರು ಅಂತ ತೋರಿಸಬೇಕಿಲ್ಲ, ಫಲ ಹಾಗಾದರೆ ಸಾಕು ಅಂದರು. ಒಬ್ಬೊಬ್ಬರಿಗೆ 4,000 ಯೂರೋ ಪರಿಹಾರ.

ಅಪ್ಪ ಅಮ್ಮಂದಿರೇ ಸಹಿ ಹಾಕಿದ್ದಾರಲ್ಲ ಅಂತ ಸರ್ಕಾರ ವಾದಿಸಿತ್ತು. ಜನಾಂಗದ ಭೇದಭಾವಕ್ಕೆ ಒಳಗಾಗದಿರುವ ಹಕ್ಕನ್ನು ಸಹಿ ಹಾಕಿ ಬಿಟ್ಟುಕೊಡಲು ಆಗಲ್ಲ ಅಂತು ಕೋರ್ಟು. ಈ ಸಾಲನ್ನು ನಾನು ಎಷ್ಟು ಸಲ ಓದಿದೆನೋ!

ಮೊನ್ನೆ ಅಮ್ಮನಿಗೆ ಇದನ್ನೆಲ್ಲ ತೆಲುಗಿನಲ್ಲಿ ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು. 'ಆವತ್ತು ಆ ಕಾಗದದಲ್ಲಿ ಏನಿದೆ ಅಂತ ನನಗೆ ಯಾರೂ ಓದಿ ಹೇಳಲಿಲ್ಲ ಕಣೋ' ಅಂದಳು.