ಶನಿವಾರದ ಹ್ಯಾಂಡಲ್ ಮಾತ್ರ ಯಾಕೆ ಬಿಡ್ತಿತ್ತು?

ನಮ್ಮ ಶಾಪ್ ಇರೋದು ಪೀಣ್ಯ ಎರಡನೇ ಹಂತದಲ್ಲಿ. ತರಕಾರಿ ಸಿಪ್ಪೆ ತೆಗೆಯುವ ಪೀಲರ್‌ಗೆ ಹ್ಯಾಂಡಲ್ ಹೊಡೆಯುತ್ತೇವೆ, ಅಂದ್ರೆ ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ತುಂಬಿ ತೆಗೆಯೋದು. ಒಳಗೆ ಬಿಳಿ ಪಿಪಿ (ಪಾಲಿಪ್ರೊಪಿಲೀನ್ ಅನ್ನೋ ಗಟ್ಟಿ ಪ್ಲಾಸ್ಟಿಕ್), ಮೇಲೆ ಕರಿ ಟಿಪಿಇ (ರಬ್ಬರ್ ಥರ ಮೆತ್ತಗಿನ ಪ್ಲಾಸ್ಟಿಕ್) ಗ್ರಿಪ್. ಎರಡನ್ನೂ ಒಂದೇ ಮೆಷಿನ್‌ನಲ್ಲಿ ಹೊಡೆಯುವ ಟೂ-ಶಾಟ್ ಮೆಷಿನ್ ಇಲ್ಲ. ಒಂದರಲ್ಲಿ ಹ್ಯಾಂಡಲ್ ಹೊಡೆದು ಕ್ರೇಟ್ ತುಂಬಿಸಿ, ಇನ್ನೊಂದರಲ್ಲಿ ಕೈಯಿಂದ ಇಟ್ಟು ಓವರ್‌ಮೋಲ್ಡ್ ಮಾಡೋದು, ಅಂದ್ರೆ ಅದರ ಮೇಲೆ ಗ್ರಿಪ್ ಹೊಡೆಯೋದು.

ಈ ಜೋಡಿ ಎರಡು ವರ್ಷ ಒಂದು ದಿನವೂ ಕಾಡಿರಲಿಲ್ಲ. ನಮ್ಮ ಟಿಪಿಇ ಎಸ್‌ಇಬಿಎಸ್ ಅನ್ನೋ ರಬ್ಬರ್ ಥರದ ವಸ್ತುವಿನದ್ದು, ಅದರ ಒಳಗೇ ಪಿಪಿ ಇದೆ. ಬಿಸಿಯಾಗಿ ಬಂದು ತಾಗಿದಾಗ ಹ್ಯಾಂಡಲಿನ ಮೇಲ್ಪದರ ಸ್ವಲ್ಪ ಕರಗಿ ಎರಡೂ ಬೆರೆಯುತ್ತವೆ. ಎಳೆದರೆ ಟಿಪಿಇ ಹರಿಯಬೇಕು, ಜಾಯಿಂಟ್ ಬಿಡಬಾರದು.

ಒಂದು ಸೋಮವಾರ ಕ್ವಾಲಿಟಿ ಹುಡುಗಿ, ಶನಿವಾರ ಹೊಡೆದಿಟ್ಟ ಹ್ಯಾಂಡಲಿನ ಗ್ರಿಪ್‌ನ ತುದಿ ಎಬ್ಬಿಸಿ ಎಳೆದಳು. ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಪೂರ್ತಿ ಬಂತು. ಕೆಳಗೆ ಪಿಪಿ ನುಣ್ಣಗೆ ಹೊಳೆಯುತ್ತಿತ್ತು, ಒಂದು ಚೂರು ಕರಿ ಉಳಿದಿರಲಿಲ್ಲ. ಕಸ್ಟಮರ್ ಗಾಡಿ ಮೂರು ಗಂಟೆಗೆ. ಆಗಲೇ ಹನ್ನೊಂದೂವರೆ.

ನನಗೆ ಮೊದಲು ಹೊಳೆದದ್ದು ಸಿಲಿಕೋನ್ ಸ್ಪ್ರೇ. ಅದು ಹ್ಯಾಂಡಲಿಗೆ ಹತ್ತಿದರೆ ಗ್ರಿಪ್ ಹಿಡಿಯೋದಿಲ್ಲ. ಪೀಸ್ ಕೋರ್‌ಗೆ (ಅಚ್ಚಿನ ಒಳಭಾಗಕ್ಕೆ) ಅಂಟಿಕೊಂಡರೆ ಕೆಲವರು ಕದ್ದು ಹೊಡೆಯುತ್ತಾರೆ, ಹಿಂದೆ ಒಮ್ಮೆ ಮೆಷಿನ್ ಹಿಂದೆ ಕ್ಯಾನ್ ಸಿಕ್ಕಿತ್ತು. ಆಪರೇಟರ್ ಹತ್ತಿರ ಹೋಗಿ, ಎಂಟು ಜನ ನೋಡ್ತಾ ಇದ್ದಾಗಲೇ ಕೇಳಿದೆ.

"ಅಣ್ಣ, ಶನಿವಾರ ಸ್ಪ್ರೇ ಹೊಡೆದ್ರಾ?"

"ಇಲ್ಲ ಸಾರ್."

"ಮತ್ತೆ ಇದೇನು ತಾನಾಗೇ ಬಿಡ್ತಾ?"

ಅವರು ನನಗಿಂತ ಹದಿನೈದು ವರ್ಷ ದೊಡ್ಡವರು. ಏನೂ ಮಾತಾಡಲಿಲ್ಲ. ನಾನು ಶನಿವಾರದ ನಾಲ್ಕು ಹ್ಯಾಂಡಲ್‌ಗಳನ್ನು ಐಪಿಎ (ಒಂದು ಥರದ ಆಲ್ಕೋಹಾಲ್) ಹಾಕಿ ಒರೆಸಿ ಓವರ್‌ಮೋಲ್ಡ್ ಮಾಡಿಸಿದೆ. ನಾಲ್ಕೂ ಹಿಡಿದವು. ಒರೆಸಿದರೆ ಹಿಡಿಯುತ್ತೆ ಅಂದ್ರೆ ಮೇಲೆ ಏನೋ ಇದೆ, ಅದು ಸ್ಪ್ರೇನೇ ಅಂತ ತೀರ್ಮಾನ ಮಾಡಿ ಆ ಪೀಸ್‌ಗಳನ್ನು ಅವರ ಕೈಗೇ ಕೊಟ್ಟೆ. ಮೇಲೆ ಏನೋ ಇತ್ತು ಅನ್ನೋದು ನಿಜ. ಆದರೆ ಅದನ್ನು ಯಾರೂ ಹಚ್ಚಿರಲಿಲ್ಲ.

ಆಗ ಅವರು ಮೆಲ್ಲಗೆ ಹೇಳಿದರು, "ಸಾರ್, ಇವತ್ತು ಬೆಳಿಗ್ಗೆ ಹೊಡೆದಿದ್ದು ಹಿಡೀತಿದೆ. ಶನಿವಾರದ ಕ್ರೇಟ್ ಒಂದೇ ಬಿಡ್ತಿರೋದು. ಸ್ಟೋರ್‌ನಿಂದ ಪಿಪಿ ಹೊಸ ಚೀಲ ಬಂದಿದ್ದೂ ಶನಿವಾರಾನೇ."

ಇಷ್ಟು ದೊಡ್ಡ ಸುಳಿವು ಕೈಗೆ ಕೊಟ್ಟರು. ನಾನು ಅರ್ಧ ಮಾತ್ರ ಕೇಳಿಸಿಕೊಂಡೆ. ಹಳೆಯ ಪೀಸ್ ತಣ್ಣಗಿದೆ, ಅದಕ್ಕೇ ಇರಬೇಕು ಅಂದುಕೊಂಡು ಓವನ್‌ನಲ್ಲಿ 80 ಡಿಗ್ರಿಗೆ ಅರ್ಧ ಗಂಟೆ ಇಟ್ಟೆ. ಬಿಡ್ತು. ಟಿಪಿಇ ಕರಗಿಸುವ ಬ್ಯಾರೆಲ್ ಅನ್ನು 200ರಿಂದ 225 ಡಿಗ್ರಿಗೆ ಏರಿಸಿದೆ. ಅಚ್ಚಿನ ಸಂದಿಯಿಂದ ಟಿಪಿಇ ಹೊರಗೆ ಬಂದು ಫ್ಲ್ಯಾಶ್ ಆಯ್ತು, ಗ್ರಿಪ್ ಮಾತ್ರ ಹಿಡಿಯಲಿಲ್ಲ. ಗಾಡಿ ಖಾಲಿ ಹೋಯಿತು. ಸಂಜೆ ಮ್ಯಾನೇಜ್‌ಮೆಂಟ್ ಕೇಳಿದ್ದು ಒಂದೇ ಪ್ರಶ್ನೆ, ಯಾರ ತಪ್ಪು ಅಂತ. ನಾನು ಸ್ಪ್ರೇ ಅಂತಲೇ ಹೇಳಿದೆ.

ಮನೆಗೆ ಹೋಗುವ ಮುಂಚೆ, ನನ್ನ ಕಣ್ಣೆದುರೇ ಹೊಡೆಸಿದ 40 ಹ್ಯಾಂಡಲ್ ತೆಗೆದುಕೊಂಡೆ. 20ಕ್ಕೆ ಹತ್ತೇ ನಿಮಿಷದಲ್ಲಿ ಗ್ರಿಪ್ ಹಾಕಿಸಿದೆ. ಎಳೆದರೆ ಟಿಪಿಇ ಹರಿದು ಪಿಪಿ ಮೇಲೆ ಉಳಿಯಿತು. ಉಳಿದ 20 ನನ್ನ ಬೀರುವಿನಲ್ಲಿ, ಬೀಗ ಹಾಕಿ. ಬುಧವಾರ ಬೆಳಿಗ್ಗೆ ಅವಕ್ಕೆ ಗ್ರಿಪ್ ಹಾಕಿದರೆ ಒಂದೊಂದಾಗಿ ಎಲ್ಲ ಬಿಟ್ಟವು. ಅವಕ್ಕೆ ಯಾರೂ ಸ್ಪ್ರೇ ಹೊಡೆದಿರಲಿಲ್ಲ. ನಾನೇ ಸಾಕ್ಷಿ.

ಸ್ಟೋರ್‌ಗೆ ಹೋಗಿ ಚೀಲ ನೋಡಿದೆ. ಗ್ರೇಡ್ ಬೇರೆ. ಪರ್ಚೇಸ್‌ನವರು ಬಾಟಲ್ ಮುಚ್ಚಳಕ್ಕೆ ಬಳಸುವ ಪಿಪಿ ತರಿಸಿದ್ದರು. ಎಂಎಫ್‌ಐ (ಕರಗಿದಾಗ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋ ಅಳತೆ) ಒಂದೇ, ಐಟಂ ಕೋಡ್ ಒಂದೇ, ಮಾಲು ಬಂದಾಗ ಬರೆಯುವ ಜಿಆರ್‌ಎನ್‌ನಲ್ಲಿ ಸುಮ್ನೆ ಪಿಪಿ ಅಂತ ಇತ್ತು. ಆ ಗ್ರೇಡಿನ ಟಿಡಿಎಸ್ (ತಾಂತ್ರಿಕ ವಿವರದ ಹಾಳೆ) ತೆರೆದರೆ ಒಂದು ಸಾಲು: ಸ್ಲಿಪ್ ಏಜೆಂಟ್ ಇದೆ. ಮುಚ್ಚಳ ಸಲೀಸಾಗಿ ತಿರುಗಲಿ ಅಂತ ಹಾಕುವ ಎರುಕಮೈಡ್ ಥರದ್ದು, ಮೇಣದ ಹಾಗೆ. ಪೀಸ್ ಹೊಡೆದಾಗ ಅದು ಒಳಗೇ ಇರುತ್ತದೆ. ಗಂಟೆಗಳು, ದಿನಗಳು ಕಳೆದಂತೆ ಮೇಲೆ ಬಂದು ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕೂರುತ್ತದೆ. ಆಮೇಲೆ ಟಿಪಿಇ ಪಿಪಿಯನ್ನು ಮುಟ್ಟೋದೇ ಇಲ್ಲ. ನಾನು ಓವನ್‌ನಲ್ಲಿ ಇಟ್ಟರೂ ಏನೂ ಉಪಯೋಗ ಆಗಲಿಲ್ಲ.

ಪರ್ಚೇಸ್‌ನವರನ್ನು ಕೇಳಿದರೆ, "ಪಿಪಿ ಅಂದ್ರೆ ಪಿಪಿ ಅಲ್ವಾ, ಕಿಲೋಗೆ ಎರಡು ರೂಪಾಯಿ ಉಳೀತು" ಅಂದರು. ನನಗೆ ಸಿಟ್ಟು ಬಂತು. ಆದರೆ ಡ್ರಾಯಿಂಗ್‌ನಲ್ಲಿ ಗ್ರೇಡ್ ಬರೆಯದೆ ಬಿಟ್ಟವನು ನಾನು. ಈಗ ಬರೆದಿದ್ದೇನೆ. ಕ್ರೇಟ್ ಟ್ಯಾಗ್‌ನಲ್ಲಿ ಹೊಡೆದ ದಿನ, ಗಂಟೆ, ಚೀಲದ ಲಾಟ್ ನಂಬರ್ ಬರೆಯಲೇಬೇಕು. ಪೀಲ್ ಟೆಸ್ಟ್ ಹೊಸ ಪೀಸ್‌ಗೂ ಎರಡು ದಿನ ಇಟ್ಟ ಪೀಸ್‌ಗೂ, ಎರಡಕ್ಕೂ ಆಗಬೇಕು. ಹೊಸದು ಮಾತ್ರ ಎಳೆದು ನೋಡಿದರೆ ಈ ತೊಂದರೆ ಸಿಗೋದೇ ಇಲ್ಲ.

ಅವತ್ತೇ ಟೀ ಅಂಗಡಿಯಲ್ಲಿ ಆ ಅಣ್ಣನ ಹತ್ತಿರ ಕ್ಷಮೆ ಕೇಳಿದೆ. "ಹೋಗ್ಲಿ ಬಿಡಿ ಸಾರ್" ಅಂದರು. ಬೈದದ್ದು ಎಂಟು ಜನರ ಮುಂದೆ, ಹಾಗಾಗಿ ಸಮಾಧಾನ ಆಗಲಿಲ್ಲ. ಮರುದಿನ ಬೆಳಗಿನ ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ಹೇಳಿದೆ, ಸ್ಪ್ರೇ ಅಲ್ಲ, ನಾನು ತಪ್ಪು ಹೇಳಿದ್ದೆ, ಶನಿವಾರದ ಚೀಲ ಅಂತ ಮೊದಲೇ ಹೇಳಿದ್ದು ಇವರು ಅಂತ. ಅವರು ತಲೆ ಎತ್ತದೆ ಹೊಸ ಟ್ಯಾಗ್‌ನಲ್ಲಿ ಗಂಟೆ ಬರೆಯುತ್ತಿದ್ದರು.